ಡಿಸೆಂಬರ್ 25 ಯಾರದ್ದು? ‘ಇತಿಹಾಸದಲ್ಲಿ ಈ ದಿನ’ ಪಟ್ಟಿಯನ್ನು ಓದೋದು ಹೇಗೆ

ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು, ಅದನ್ನು ಬಿಟ್ಟು ಪತ್ರಿಕೋದ್ಯಮಕ್ಕೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ‘ಇತಿಹಾಸದಲ್ಲಿ ಈ ದಿನ’ ಅಂಕಣ. ಕೆಲಸ ಅಂದರೆ ಏನು, ರಾತ್ರಿ ಪಾಳಿಯಲ್ಲಿ ಇಂಟರ್ನೆಟ್ ತೆರೆಯೋದು, ಆ ದಿನಾಂಕದ ಐದಾರು ಘಟನೆ, ಮೂರ್ನಾಲ್ಕು ಹುಟ್ಟುಹಬ್ಬ ಹೆಕ್ಕೋದು, ಕನ್ನಡಕ್ಕೆ ತರೋದು, ಪುಟಕ್ಕೆ ಹಾಕೋದು. ಹದಿನೈದು ನಿಮಿಷದ ಕೆಲಸ. ಇಡೀ ಡೆಸ್ಕ್‌ನಲ್ಲಿ ಇದಕ್ಕಿಂತ ನಿರಪಾಯದ ಕೆಲಸ ಇನ್ನೊಂದಿಲ್ಲ ಅಂದುಕೊಂಡಿದ್ದೆ.

ಆ ವರ್ಷದ ಡಿಸೆಂಬರ್ 25ರ ನನ್ನ ಪಟ್ಟಿಯಲ್ಲಿ ಕ್ರಿಸ್‌ಮಸ್ ಇತ್ತು. ನ್ಯೂಟನ್, ಮದನ ಮೋಹನ ಮಾಳವೀಯ, ಜಿನ್ನಾ, ವಾಜಪೇಯಿ ಹುಟ್ಟಿದ್ದು ಇತ್ತು. 1977ರಲ್ಲಿ ಚಾರ್ಲಿ ಚಾಪ್ಲಿನ್ ತೀರಿಕೊಂಡಿದ್ದು, 1991ರಲ್ಲಿ ಗೋರ್ಬಚೆವ್ ರಾಜೀನಾಮೆ ಕೊಟ್ಟಿದ್ದು ಇತ್ತು. ಮಧ್ಯಾಹ್ನದ ಹೊತ್ತಿಗೆ ಆಫೀಸಿಗೆ ಒಂದು ಫೋನ್ ಬಂತು. ಆ ಕಡೆ ಒಬ್ಬ ನಿವೃತ್ತ ಮೇಷ್ಟ್ರು.

“ಏನಪ್ಪಾ, ನಿಮ್ಮ ಪಟ್ಟೀಲಿ ಚಾಪ್ಲಿನ್ ಸತ್ತಿದ್ದಿದೆ. ಮಹಾಡ್ ಇಲ್ವಲ್ಲ?”

“ಸರ್, ಜಾಗ ಇರಲಿಲ್ಲ” ಅಂದೆ.

“ನಮ್ಮ ವಿಷಯ ಬಂದಾಗ ಜಾಗ ಇರಲ್ಲ ಬಿಡಪ್ಪ” ಅಂತ ಫೋನ್ ಇಟ್ಟುಬಿಟ್ಟರು.

ನಿಜ ಹೇಳಬೇಕು ಅಂದರೆ ಜಾಗದ ಸಮಸ್ಯೆ ಇರಲೇ ಇಲ್ಲ. ಡಿಜಿಟಲ್ ಪುಟಕ್ಕೆ ಎಂಥ ಜಾಗದ ಕೊರತೆ? 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ಮನುಸ್ಮೃತಿ ಸುಟ್ಟಿದ್ದು ನನಗೆ ಗೊತ್ತಿತ್ತು. ಆದರೆ ಅದು ‘ಈ ದಿನ’ದ ಪಟ್ಟಿಗೆ ಸೇರಬೇಕಾದ ಸಂಗತಿ ಅಂತ ತಲೆಗೆ ಹೊಳೆದೇ ಇರಲಿಲ್ಲ. ನಾನು ನಕಲು ಮಾಡಿದ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನನ್ನದರಲ್ಲೂ ಇರಲಿಲ್ಲ.

ಆವತ್ತಿಂದ ಈ ದಿನಾಂಕದ ಮೇಲೆ ನನಗೊಂದು ಕಣ್ಣು. ಪ್ರತಿ ವರ್ಷ ಡಿಸೆಂಬರ್ 25 ಬಂದರೆ ಟೈಮ್‌ಲೈನ್ ತುಂಬ ಜಗಳ. ಒಬ್ಬರಿಗೆ ಕ್ರಿಸ್‌ಮಸ್, ಇನ್ನೊಬ್ಬರಿಗೆ ಸುಶಾಸನ ದಿನ, ಮತ್ತೊಬ್ಬರಿಗೆ ಮನುಸ್ಮೃತಿ ದಹನ ದಿನ, ಮಗದೊಬ್ಬರಿಗೆ ತುಳಸಿ ಪೂಜನ ದಿವಸ. ಎಲ್ಲರ ಕೈಯಲ್ಲೂ ಒಂದೊಂದು ಪೋಸ್ಟರ್. ಈ ದಿನ ನಿಜವಾಗಿ ಯಾರದ್ದು ಅಂತ ಕೇಳೋ ಮೊದಲು, ಇಷ್ಟೊಂದು ಸಂಗತಿಗಳು ಒಂದೇ ದಿನದ ಮೇಲೆ ಬಂದು ಕೂತಿದ್ದು ಹೇಗೆ ಅಂತ ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ಇಂಜಿನಿಯರಿಂಗ್‌ನಲ್ಲಿ ನಾನು ಕಲಿತು ಮರೆಯದೇ ಉಳಿದ ಕೆಲವೇ ವಿಷಯಗಳಲ್ಲಿ ಹುಟ್ಟುಹಬ್ಬದ ಲೆಕ್ಕವೂ ಒಂದು. ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗುತ್ತೆ? ನೂರೆಂಬತ್ತು ಜನ ಅಂತ ಅನಿಸುತ್ತೆ. ಉತ್ತರ 23. ಇಪ್ಪತ್ಮೂರು ಜನರಲ್ಲಿ ಇಬ್ಬಿಬ್ಬರ ಜೋಡಿ 253 ಆಗುತ್ತೆ. ಪ್ರತಿ ಜೋಡಿಗೂ ಒಂದು ಅವಕಾಶ ಇರೋದರಿಂದ ಸಾಧ್ಯತೆ ಬೇಗ ಬೇಗ ಏರುತ್ತೆ. 57 ಜನ ಸೇರಿದರೆ ಅದು ಶೇ. 99 ದಾಟುತ್ತೆ.

ಒಂದು ತರಗತಿಯ ಕಥೆಯೇ ಹೀಗಾದರೆ ಇತಿಹಾಸದ ಕಥೆ ಏನು? ಸಾವಿರಾರು ಪ್ರಸಿದ್ಧರು, ಸಾವಿರಾರು ಯುದ್ಧ, ಒಪ್ಪಂದ, ಹತ್ಯೆ, ಹಬ್ಬ. ಇಡೋಕೆ ಇರೋದು 366 ಗೂಡು ಮಾತ್ರ. ಯಾವ ಗೂಡಿಗೆ ಕೈ ಹಾಕಿದರೂ ಹತ್ತು ಸಂಗತಿ ಸಿಗಲೇಬೇಕು. ‘ಎಂಥಾ ವಿಚಿತ್ರ ಕಾಕತಾಳೀಯ ನೋಡಿ’ ಅಂತ ಫಾರ್ವರ್ಡ್ ಬಂದಾಗ ನೆನಪಿಡಿ, ಕಾಕತಾಳೀಯ ಇಲ್ಲದಿದ್ದರೇ ವಿಚಿತ್ರ.

ಒಂದು ಉದಾಹರಣೆ ಕೊಡ್ತೀನಿ. ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಬೆಳಗಾವಿಯಲ್ಲಿ ಶುರುವಾಗಿದ್ದು 1924ರ ಡಿಸೆಂಬರ್ 26ರಂದು. ಅದರ ಹಿಂದಿನ ದಿನ, ಡಿಸೆಂಬರ್ 25ರಂದು, ಗ್ವಾಲಿಯರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಹುಟ್ಟಿದರು. ಇದನ್ನಿಟ್ಟುಕೊಂಡು ಎರಡೂ ಪಕ್ಷದವರು ಒಳ್ಳೊಳ್ಳೆ ಭಾಷಣ ಬರೆಯಬಹುದು. ಆದರೆ ಇದರಲ್ಲಿ ಅರ್ಥ ಏನೂ ಇಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ.

‘ಒಂದೇ ದಿನ’ ಅನ್ನೋದೂ ಅಷ್ಟು ಗಟ್ಟಿಯಲ್ಲ

ನ್ಯೂಟನ್ ವಿಷಯಕ್ಕೆ ಬನ್ನಿ. ‘ಜಗತ್ತನ್ನು ಬದಲಿಸಿದವನು ಡಿಸೆಂಬರ್ 25ರಂದು ಹುಟ್ಟಿದ, ಅವನ ಹೆಸರು ನ್ಯೂಟನ್’ ಅನ್ನೋ ಮೀಮ್ ಕಾಲೇಜಲ್ಲಿ ನಾನೂ ಹಂಚಿದ್ದೆ. 1642ರ ಡಿಸೆಂಬರ್ 25 ಸರಿ, ಆದರೆ ಅದು ಜೂಲಿಯನ್ ಪಂಚಾಂಗದ ಲೆಕ್ಕ. ಇಂಗ್ಲೆಂಡ್ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬದಲಾಗಿದ್ದು 1752ರಲ್ಲಿ. ನಾವೀಗ ಬಳಸೋ ಕ್ಯಾಲೆಂಡರ್ ಪ್ರಕಾರ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ‘ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ’ ಅಂತ ಫಿಸಿಕ್ಸ್ ಮೇಷ್ಟ್ರು ಹೇಳಿದ್ದು ನೆನಪಿದೆಯಾ? ಒಬ್ಬನಿಗೆ ಒಂದು ಕ್ಯಾಲೆಂಡರ್, ಇನ್ನೊಬ್ಬನಿಗೆ ಇನ್ನೊಂದು ಕ್ಯಾಲೆಂಡರ್ ಬಳಸಿದರೆ ಮಾತ್ರ ಅದು ನಿಜ.

1991ರ ಡಿಸೆಂಬರ್ 25ರ ಸಂಜೆ ಗೋರ್ಬಚೆವ್ ಟೀವಿಯಲ್ಲಿ ರಾಜೀನಾಮೆ ಘೋಷಿಸಿದರು, ಕ್ರೆಮ್ಲಿನ್ ಮೇಲಿಂದ ಸೋವಿಯತ್ ಬಾವುಟ ಇಳಿಯಿತು. ಅಮೆರಿಕದವರಿಗೆ ಅದು ಕ್ರಿಸ್‌ಮಸ್ ದಿನ ಸಿಕ್ಕ ಉಡುಗೊರೆಯಂತೆ ಕಂಡಿತು. ಆದರೆ ರಷ್ಯಾದ ಆರ್ಥಡಾಕ್ಸ್ ಚರ್ಚ್‌ಗೆ ಕ್ರಿಸ್‌ಮಸ್ ಬರೋದು ಜನವರಿ 7ಕ್ಕೆ. ಮಾಸ್ಕೋದಲ್ಲಿ ಆವತ್ತು ಬರೀ ಬುಧವಾರ.

ಜಿನ್ನಾ ಹುಟ್ಟಿದ ದಿನ ಪಾಕಿಸ್ತಾನದಲ್ಲಿ ಸರ್ಕಾರಿ ರಜೆ. ಅಲ್ಲಿನ ಅಧಿಕೃತ ಲೆಕ್ಕ 1876ರ ಡಿಸೆಂಬರ್ 25. ಆದರೆ ಕರಾಚಿಯಲ್ಲಿ ಅವರು ಓದಿದ ಸಿಂಧ್ ಮದ್ರಸತುಲ್ ಇಸ್ಲಾಂ ಶಾಲೆಯ ದಾಖಲಾತಿಯಲ್ಲಿರೋದು 1875ರ ಅಕ್ಟೋಬರ್ 20.

ಇದು ನಮಗೇನೂ ಹೊಸದಲ್ಲ. ನಮ್ಮಪ್ಪನ ಮಾರ್ಕ್ಸ್‌ಕಾರ್ಡ್‌ನಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ಚಿಕ್ಕಪ್ಪನದ್ದೂ ಜೂನ್ 1. ನಿಮ್ಮ ಮನೆಯಲ್ಲೂ ಒಬ್ಬರಾದರೂ ಜೂನ್ 1ರವರು ಇದ್ದೇ ಇರ್ತಾರೆ. ಶಾಲೆ ಶುರುವಾಗೋ ದಿನಕ್ಕೆ ವಯಸ್ಸು ಸರಿಹೊಂದಲಿ ಅಂತ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅಜ್ಜಿಯನ್ನು ಕೇಳಿದರೆ, “ರಾಗಿ ಕೊಯ್ಲು ನಡೀತಿತ್ತು, ಆಗ ಹುಟ್ದ” ಅನ್ನೋರು. ಹುಟ್ಟಿದ ತಾರೀಖು ಬರೆದಿಡೋ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಕ್ಯಾಲೆಂಡರ್‌ನಲ್ಲಿ ಖಾತ್ರಿ ಜಾಗ. ಈ ಮಾತಿಗೆ ಕೊನೆಯಲ್ಲಿ ವಾಪಸ್ ಬರ್ತೀನಿ.

ಒಂದು ರಜೆ ಬರೆದ ಇತಿಹಾಸ

ಕ್ರಿಸ್‌ಮಸ್‌ಗೂ ಈ ತಾರೀಖು ಹುಟ್ಟಿನಿಂದ ಬಂದಿದ್ದಲ್ಲ. ಯೇಸು ಹುಟ್ಟಿದ ದಿನಾಂಕ ಬೈಬಲ್‌ನಲ್ಲಿ ಇಲ್ಲ. ಡಿಸೆಂಬರ್ 25 ಅನ್ನೋದು ಸ್ಪಷ್ಟವಾಗಿ ಕಾಣಸಿಗೋದು ನಾಲ್ಕನೇ ಶತಮಾನದ ರೋಮ್‌ನ ದಾಖಲೆಯಲ್ಲಿ. ಯಾಕೆ ಆ ದಿನ ಅನ್ನೋದಕ್ಕೆ ಮುಖ್ಯವಾಗಿ ಎರಡು ವಾದ ಇವೆ. ಚಳಿಗಾಲದ ಸೂರ್ಯನ ಹಬ್ಬದ ಮೇಲೆ ಚರ್ಚ್ ತನ್ನ ಹಬ್ಬವನ್ನು ಕೂರಿಸಿತು ಅನ್ನೋದು ಒಂದು. ಮಾರ್ಚ್ 25ಕ್ಕೆ ಮೇರಿ ಗರ್ಭ ಧರಿಸಿದಳು ಅಂತ ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಅನ್ನೋದು ಇನ್ನೊಂದು. ಎರಡರಲ್ಲಿ ಯಾವುದೇ ಆಗಲಿ, ಮನುಷ್ಯರು ಕೂತು ಆರಿಸಿದ ದಿನ.

ಹೀಗೆ ಆರಿಸಿದ ದಿನ ಬ್ರಿಟಿಷರ ಜೊತೆ ಭಾರತಕ್ಕೆ ಬಂತು. ಜೊತೆಗೆ ರಜೆಯೂ ಬಂತು. ಕೋರ್ಟು, ಕಚೇರಿ, ಕಾಲೇಜು ಎಲ್ಲಾ ಡಿಸೆಂಬರ್ ಕೊನೇ ವಾರ ಬಂದ್. ಆರಂಭದ ಕಾಂಗ್ರೆಸ್ ಅಂದರೆ ಹೆಚ್ಚಾಗಿ ವಕೀಲರು, ಮೇಷ್ಟ್ರುಗಳು, ಪತ್ರಕರ್ತರ ಕೂಟ. ಅವರೆಲ್ಲ ಒಂದೆಡೆ ಸೇರೋಕೆ ಬಿಡುವು ಸಿಗ್ತಿದ್ದಿದ್ದೇ ಆ ವಾರ. ಮೊದಲ ಅಧಿವೇಶನ 1885ರ ಡಿಸೆಂಬರ್ 25ರಿಂದ ಪುಣೆಯಲ್ಲಿ ಅಂತ ನಿಗದಿಯಾಗಿತ್ತು. ಅಲ್ಲಿ ಕಾಲರಾ ಬಂದಿದ್ದರಿಂದ ಡಿಸೆಂಬರ್ 28ಕ್ಕೆ ಮುಂಬೈನಲ್ಲಿ ಸೇರಿದರು. ಅಲ್ಲಿಂದ ಮುಂದೆ ಡಿಸೆಂಬರ್ ಕೊನೆ ಅಂದರೆ ಅಧಿವೇಶನ ಅನ್ನೋದು ರೂಢಿಯಾಯ್ತು. ಬೆಳಗಾವಿ ಅಧಿವೇಶನ ಆ ವಾರ ಬಿದ್ದಿದ್ದೂ ಇದಕ್ಕೇ. ಮುಸ್ಲಿಂ ಲೀಗ್ ಢಾಕಾದಲ್ಲಿ ಹುಟ್ಟಿದ್ದು 1906ರ ಡಿಸೆಂಬರ್ 30ಕ್ಕೆ. ಕಮ್ಯುನಿಸ್ಟರು ಕಾನ್ಪುರದಲ್ಲಿ ಸಮ್ಮೇಳನ ಸೇರಿದ್ದು 1925ರ ಅದೇ ಕೊನೇ ವಾರ. ಆ ವರ್ಷ ಕಾಂಗ್ರೆಸ್ ಅಧಿವೇಶನವೂ ಕಾನ್ಪುರದಲ್ಲೇ ಇತ್ತು.

ಇನ್ನೂ ಒಂದು ಕೊಂಡಿ ಇದೆ. 1929ರ ಡಿಸೆಂಬರ್ ಕೊನೆಗೆ ಲಾಹೋರ್‌ನಲ್ಲಿ ಸೇರಿದ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ಅದರ ಬೆನ್ನಿಗೆ ಜನವರಿಯ ಕೊನೆಯ ಭಾನುವಾರ ದೇಶದಾದ್ಯಂತ ಸ್ವಾತಂತ್ರ್ಯ ದಿನ ಆಚರಿಸೋಣ ಅಂತಾಯ್ತು. 1930ರಲ್ಲಿ ಆ ಭಾನುವಾರ ಬಿದ್ದಿದ್ದು ಜನವರಿ 26ಕ್ಕೆ. ಮುಂದೆ 1949ರ ನವೆಂಬರ್ 26ಕ್ಕೇ ಸಂವಿಧಾನ ಅಂಗೀಕಾರವಾದರೂ ಪೂರ್ತಿ ಜಾರಿಗೆ ತರೋಕೆ ಎರಡು ತಿಂಗಳು ಕಾದಿದ್ದು ಈ ದಿನಕ್ಕಾಗಿ. ರೋಮ್‌ನಲ್ಲಿ ಯಾರೋ ಆರಿಸಿದ ಹಬ್ಬದ ರಜೆಯ ವಾರದಿಂದ ಹೊರಟ ದಾರಿ ನಮ್ಮ ಗಣರಾಜ್ಯೋತ್ಸವಕ್ಕೆ ಬಂದು ಮುಟ್ಟುತ್ತೆ. ಇದು ಕಾಕತಾಳೀಯ ಅಲ್ಲ. ಒಂದರ ಕಾರಣಕ್ಕೆ ಇನ್ನೊಂದು ಆಗಿದ್ದು.

ಲಾಹೋರ್‌ನಲ್ಲೇ ಮತ್ತೊಂದು ತೀರ್ಮಾನವೂ ಆಯ್ತು. ಇನ್ನು ಮುಂದೆ ಅಧಿವೇಶನ ಡಿಸೆಂಬರ್‌ನಲ್ಲಿ ಬೇಡ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮಾಡೋಣ ಅಂತ. ಕಾರಣ ಸರಳ. ಆ ಹೊತ್ತಿಗೆ ಕಾಂಗ್ರೆಸ್ಸಿಗೆ ಹಳ್ಳಿಯ ಬಡವರು ಬರತೊಡಗಿದ್ದರು. ಬೆಚ್ಚನೆಯ ಬಟ್ಟೆ ಇಲ್ಲದವರಿಗೆ ಉತ್ತರದ ಚಳಿ ತಡೆಯೋದು ಕಷ್ಟ. ಮುಂದಿನ ಅಧಿವೇಶನ 1931ರ ಮಾರ್ಚ್‌ನಲ್ಲಿ ಕರಾಚಿಯಲ್ಲಿ ನಡೀತು. ವಕೀಲರ ಬಿಡುವಿಗೆ ಹೊಂದಿಸಿದ್ದ ಕ್ಯಾಲೆಂಡರ್ ರೈತರು ಬಂದಾಗ ಬದಲಾಯ್ತು.

ಅದೇ ವಾರ, ಮಹಾಡ್‌ನಲ್ಲಿ

ಈಗ 1927ಕ್ಕೆ ಬನ್ನಿ. ಆ ಡಿಸೆಂಬರ್ ಕೊನೇ ವಾರ ಕಾಂಗ್ರೆಸ್ ಮದ್ರಾಸ್‌ನಲ್ಲಿ ಸೇರಿತ್ತು. ಪೂರ್ಣ ಸ್ವಾತಂತ್ರ್ಯ ನಮ್ಮ ಗುರಿ ಅನ್ನೋ ನಿರ್ಣಯವನ್ನು ನೆಹರೂ ಅಲ್ಲಿ ಮಂಡಿಸಿದರು. ಅದೇ ವಾರ ಕೊಂಕಣದ ಮಹಾಡ್ ಅನ್ನೋ ಸಣ್ಣ ಪಟ್ಟಣದಲ್ಲಿ ಇನ್ನೊಂದು ಸಮ್ಮೇಳನ ಇತ್ತು. ಅಲ್ಲಿಯ ಬೇಡಿಕೆ ಕೆರೆ ನೀರು.

ಚವದಾರ್ ಕೆರೆ ಸಾರ್ವಜನಿಕ ಕೆರೆ. ಎಲ್ಲರಿಗೂ ಮುಕ್ತ ಅಂತ ಮಹಾಡ್ ಪುರಸಭೆಯೇ ಹೇಳಿತ್ತು. ಆ ವರ್ಷದ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ಮೆರವಣಿಗೆಯಲ್ಲಿ ಹೋಗಿ ನೀರು ಕುಡಿದರು. ಅದಕ್ಕೆ ಅವರ ಮೇಲೆ ಹಲ್ಲೆ ಆಯ್ತು. ಆಮೇಲೆ ಸವರ್ಣೀಯರು ಕೆರೆಯನ್ನು ‘ಶುದ್ಧ’ ಮಾಡಿದರು. ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹ ಅಂತ ತೀರ್ಮಾನವಾದಾಗ, ಇದು ಖಾಸಗಿ ಕೆರೆ ಅಂತ ಕೋರ್ಟಿಗೆ ಹೋಗಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಸಮ್ಮೇಳನಕ್ಕೆ ಜಾಗ ಕೊಡೋರೂ ಇರಲಿಲ್ಲ. ಕೊನೆಗೆ ಜಮೀನು ಕೊಟ್ಟವರು ಫತ್ತೇಖಾನ್ ಅನ್ನೋ ಮುಸ್ಲಿಂ ವ್ಯಕ್ತಿ. ಅಂಬೇಡ್ಕರ್ ಮುಂಬೈನಿಂದ ದೋಣಿಯಲ್ಲಿ ಬಂದರು.

ಡಿಸೆಂಬರ್ 25, ಭಾನುವಾರ. ಅಧ್ಯಕ್ಷ ಭಾಷಣದಲ್ಲಿ ಅಂಬೇಡ್ಕರ್ ಈ ಸಭೆಯನ್ನು 1789ರ ಫ್ರಾನ್ಸ್‌ನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ರಾತ್ರಿ ಮನುಸ್ಮೃತಿ ಪ್ರತಿಯನ್ನು ಸುಟ್ಟರು. ಈ ನಿರ್ಣಯಕ್ಕೆ ದನಿಗೂಡಿಸಿದ ಪ್ರಮುಖರಲ್ಲಿ ಸಹಸ್ರಬುದ್ಧೆ ಅನ್ನೋ ಬ್ರಾಹ್ಮಣ ಸಂಗಾತಿಯೂ ಇದ್ದರು. ತಡೆಯಾಜ್ಞೆ ಇದ್ದಿದ್ದರಿಂದ ಕೆರೆಯ ಸತ್ಯಾಗ್ರಹವನ್ನು ಮುಂದೂಡಿದರು. ಬಾಂಬೆ ಹೈಕೋರ್ಟ್‌ನಲ್ಲಿ ಕೊನೆಗೆ ಗೆದ್ದಿದ್ದು 1937ರಲ್ಲಿ. ಒಂದು ಗುಟುಕು ನೀರಿನ ಕೇಸು ಹತ್ತು ವರ್ಷ ನಡೆದಿತ್ತು.

ಹೀಗಾಗಿ ಮನುಸ್ಮೃತಿ ದಹನಕ್ಕೂ ಕ್ರಿಸ್‌ಮಸ್‌ಗೂ ಗಂಟು ಹಾಕಿ ‘ನೋಡಿ, ಬೇಕಂತಲೇ ಆ ದಿನ’ ಅನ್ನೋ ಪೋಸ್ಟ್ ಕಂಡರೆ ನಂಬೋಕೆ ಹೋಗಬೇಡಿ. ದೇಶದ ರಾಜಕೀಯ ಸಭೆಗಳೆಲ್ಲ ಸೇರ್ತಿದ್ದ ವಾರ ಅದು. ಆ ಬೆಂಕಿಯ ಅರ್ಥ ಬರೋದು ಕೆರೆಯಿಂದ. ಕರ್ನಾಟಕದ ಹಲವೆಡೆ ದಲಿತ ಸಂಘಟನೆಗಳು ಈ ದಿನವನ್ನು ಇಂದಿಗೂ ನೆನೆಯುತ್ತವೆ. ಮಹಾರಾಷ್ಟ್ರದಲ್ಲಿ ಇದನ್ನು ಭಾರತೀಯ ಸ್ತ್ರೀ ಮುಕ್ತಿ ದಿನವಾಗಿಯೂ ಆಚರಿಸುವವರಿದ್ದಾರೆ. ಆದರೆ ಇದಕ್ಕೆ ರಜೆ ಇಲ್ಲ, ಸರ್ಕಾರಿ ಜಾಹೀರಾತೂ ಇಲ್ಲ.

ಮೇಲೆ ಹಾಸಿದ ದಿನ

2014ರಲ್ಲಿ ಕೇಂದ್ರ ಸರ್ಕಾರ ವಾಜಪೇಯಿ ಜನ್ಮದಿನವನ್ನು ‘ಸುಶಾಸನ ದಿನ’ ಅಂತ ಘೋಷಿಸಿತು. ಅವರಿಗೂ ಮಾಳವೀಯರಿಗೂ ಭಾರತ ರತ್ನ ಪ್ರಕಟವಾಗಿದ್ದು ಆ ವರ್ಷದ ಡಿಸೆಂಬರ್ 24ಕ್ಕೆ. ವಾಜಪೇಯಿ ಆ ದಿನ ಹುಟ್ಟಿದ್ದು ಕಾಕತಾಳೀಯ. ಆದರೆ ಅದನ್ನು ಸರ್ಕಾರಿ ದಿನಾಚರಣೆ ಮಾಡಿದ್ದು ಆಯ್ಕೆ. ಈ ವ್ಯತ್ಯಾಸ ಮುಖ್ಯ.

ಕ್ರಿಸ್‌ಮಸ್ ದಿನ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ ನಡೆಸ್ತಾರಂತೆ ಅನ್ನೋ ಸುದ್ದಿ ಬಂದು ಸಂಸತ್ತಿನಲ್ಲಿ ಗದ್ದಲವಾಯ್ತು. ಶಾಲೆಗೆ ರಜೆ ಇದ್ದೇ ಇರುತ್ತೆ, ಸ್ಪರ್ಧೆ ಆನ್‌ಲೈನ್, ಇಷ್ಟ ಇದ್ದವರು ಬರೆಯಬಹುದು ಅಂತ ಸರ್ಕಾರ ಸಮಜಾಯಿಷಿ ಕೊಟ್ಟಿತು. ಕಾಗದದ ಮೇಲೆ ರಜೆ ಉಳಿಯಿತು. ಆದರೂ ಅಲ್ಪಸಂಖ್ಯಾತರಿಗೆ ವರ್ಷದಲ್ಲಿ ಇರೋ ಕೆಲವೇ ರಜೆಗಳಲ್ಲಿ ಒಂದರ ಮೇಲೆ ಸರ್ಕಾರ ಇನ್ನೊಂದು ಹೆಸರು ಬರೆದಾಗ, ಆ ಹಬ್ಬ ಆಚರಿಸೋ ನೌಕರನಿಗೆ, ವಿದ್ಯಾರ್ಥಿಗೆ ಕಸಿವಿಸಿ ಆಗೋದು ಸಹಜ ಅಂತ ನನಗನ್ನಿಸುತ್ತೆ. ಸುಶಾಸನದ ಬಗ್ಗೆ ಮಾತಾಡೋಕೆ ಇನ್ನೂ 364 ದಿನ ಇದ್ದವಲ್ಲ?

ವಾಜಪೇಯಿ ಹುಟ್ಟುಹಬ್ಬವನ್ನು ಅವರು ಹುಟ್ಟಿದ ದಿನವೇ ತಾನೇ ಆಚರಿಸಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರನ್ನು ನೆನೆಯೋದರಲ್ಲಿ ತಪ್ಪಿಲ್ಲ. ಆದರೆ ಎಲ್ಲ ಪ್ರಧಾನಿಗಳ ಜನ್ಮದಿನಕ್ಕೂ ಸರ್ಕಾರ ಹೀಗೊಂದು ಹೆಸರು ಕೊಟ್ಟಿಲ್ಲ. ಯಾರಿಗೆ ಕೊಡಬೇಕು ಅನ್ನೋದನ್ನು ಅಧಿಕಾರದಲ್ಲಿ ಇರೋರು ತೀರ್ಮಾನಿಸ್ತಾರೆ. ಕಾಂಗ್ರೆಸ್ ಕಾಲದಲ್ಲಿ ನೆಹರೂ ಹುಟ್ಟಿದ ದಿನ ಮಕ್ಕಳ ದಿನವಾಗಿದ್ದೂ ಹೀಗೇ.

ತುಳಸಿ ಪೂಜನ ದಿವಸದ ಕಥೆ ಇನ್ನೂ ನೇರ. ಅಸಾರಾಂ ಅನುಯಾಯಿಗಳ ಬಳಗ ಕಳೆದ ದಶಕದಲ್ಲಿ ಶುರುಮಾಡಿದ ಆಚರಣೆ ಅದು. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಗೆ ನೆಲ್ಲಿ ಕೊಂಬೆ ನೆಟ್ಟು ತುಳಸಿ ಮದುವೆ ಮಾಡೋದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ನಮ್ಮಜ್ಜಿ ತುಳಸಿಗೆ ನೀರು ಹಾಕೋಕೆ ಡಿಸೆಂಬರ್ 25 ಬರಲಿ ಅಂತ ಕಾದವರಲ್ಲ. ಚಾಂದ್ರಮಾನದ ಹಬ್ಬದ ಗಿಡಕ್ಕೆ ಇಂಗ್ಲಿಷ್ ಕ್ಯಾಲೆಂಡರ್‌ನ ನಿಗದಿತ ತಾರೀಖು ಹುಡುಕಿಕೊಟ್ಟಾಗ, ಗುರಿ ಗಿಡವೋ ತಾರೀಖೋ ಅಂತ ಕೇಳಲೇಬೇಕಾಗುತ್ತೆ.

ಹಾಗಾದರೆ ಪಟ್ಟಿ ಓದೋದು ಹೇಗೆ?

ನಾನೀಗ ಮೂರು ಪ್ರಶ್ನೆ ಕೇಳಿಕೊಳ್ತೀನಿ. ಇದು ಆ ದಿನ ಸುಮ್ಮನೆ ಬಿತ್ತಾ, ಯಾವುದೋ ಕಾರಣಕ್ಕೆ ಬಿತ್ತಾ, ಇಲ್ಲಾ ಯಾರಾದರೂ ತಂದು ಇಟ್ಟರಾ? ಇಟ್ಟಿದ್ದರೆ ಯಾರು, ಯಾವ ವರ್ಷ ಇಟ್ಟರು? ಆ ದಿನಕ್ಕೆ ಸೇರಬೇಕಾಗಿದ್ದು ಬೇರೆ ಏನಾದರೂ ಪಟ್ಟಿಯಿಂದ ಬಿಟ್ಟುಹೋಗಿದೆಯಾ?

ಮೊದಲ ಎರಡಕ್ಕೆ ಗೂಗಲ್ ಮಾಡಿದರೆ ಉತ್ತರ ಸಿಗುತ್ತೆ. ಮೂರನೆಯದು ಕಷ್ಟ, ಯಾಕೆಂದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಪಟ್ಟಿ ತೋರಿಸಲ್ಲ. ನನಗೆ ಮಹಾಡ್ ತೋರಿಸೋಕೆ ಒಬ್ಬ ಮೇಷ್ಟ್ರು ಫೋನ್ ಮಾಡಬೇಕಾಯ್ತು. ಅದಾದ ಮೇಲೆ ಹುಡುಕುತ್ತಾ ಹೋದಾಗ ಅದೇ ದಿನಾಂಕದಲ್ಲಿ ಇನ್ನೊಂದು ಸಿಕ್ಕಿತು.

1968ರ ಡಿಸೆಂಬರ್ 25ರ ರಾತ್ರಿ. ತಮಿಳುನಾಡಿನ ಕಾವೇರಿ ಬಯಲಿನಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿ ಗ್ರಾಮ. ದಲಿತ ಕೃಷಿ ಕೂಲಿಗಳು ಕೆಂಬಾವುಟದಡಿ ಸಂಘಟಿತರಾಗಿ, ಕೂಲಿಯಾಗಿ ಸಿಗೋ ಭತ್ತದ ಅಳತೆ ಸ್ವಲ್ಪ ಹೆಚ್ಚಿಸಿ ಅಂತ ಕೇಳಿದ್ದರು. ಭೂಮಾಲೀಕರ ಕಡೆಯವರು ದಾಳಿ ಮಾಡಿದಾಗ ಜನ ಒಂದು ಗುಡಿಸಲೊಳಗೆ ಅವಿತುಕೊಂಡರು. ಗುಡಿಸಲಿಗೆ ಬೆಂಕಿ ಹಚ್ಚಲಾಯ್ತು. ಸತ್ತವರು 44 ಮಂದಿ. ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಳಗಿನ ಕೋರ್ಟ್‌ನಲ್ಲಿ ಶಿಕ್ಷೆಯಾದ ಭೂಮಾಲೀಕರನ್ನು ಮದ್ರಾಸ್ ಹೈಕೋರ್ಟ್ ಖುಲಾಸೆ ಮಾಡಿತು. ಇಂಥ ಶ್ರೀಮಂತರು ತಾವೇ ನಡೆದು ಹೋಗಿ ಬೆಂಕಿ ಹಚ್ಚಿದರು ಅಂದರೆ ನಂಬೋದು ಕಷ್ಟ ಅನ್ನೋ ಧಾಟಿಯ ಮಾತು ಆ ತೀರ್ಪಿನಲ್ಲಿದೆ.

ಮಹಾಡ್ ಮತ್ತು ಕೀಳ್ವೆಣ್ಮಣಿ ಒಂದೇ ತಾರೀಖಿಗೆ ಬಿದ್ದಿದ್ದು ಬರೀ ಕಾಕತಾಳೀಯ. ನಾನದಕ್ಕೆ ಇಲ್ಲದ ಅರ್ಥ ಕಟ್ಟೋಕೆ ಹೋಗಲ್ಲ. ಆದರೆ ಎರಡೂ ನನ್ನ ಪಟ್ಟಿಯಿಂದ ಬಿಟ್ಟುಹೋಗಿದ್ದು ಕಾಕತಾಳೀಯ ಅಲ್ಲ. ಹುಟ್ಟಿದ ತಾರೀಖು ಬರೆದಿಟ್ಟುಕೊಂಡ ಮನೆಗಳಿಂದ, ರಜೆ ಸಿಗೋ ಕೆಲಸಗಳಿಂದ, ದಿನಕ್ಕೆ ಹೆಸರಿಡೋ ಅಧಿಕಾರ ಇರೋ ಕುರ್ಚಿಗಳಿಂದ ಪಟ್ಟಿಗೆ ಸಲೀಸಾದ ದಾರಿ ಇದೆ. ಕೀಳ್ವೆಣ್ಮಣಿಯಲ್ಲಿ ಸತ್ತ ಮಕ್ಕಳ ಹುಟ್ಟಿದ ದಿನ ಯಾವ ರಿಜಿಸ್ಟರ್‌ನಲ್ಲಿ ಹುಡುಕೋದು? ಜಗತ್ತಿಗೆ ಅವರದ್ದು ಅಂತ ಗೊತ್ತಿರೋದು ಒಂದೇ ತಾರೀಖು, ಅದು ಸತ್ತ ದಿನ.

ಆ ಅಂಕಣ ಈಗ ನನ್ನ ಕೈಯಲ್ಲಿಲ್ಲ. ಡೆಸ್ಕ್‌ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಾಡ್ತಾಳೆ. ಕಳೆದ ಡಿಸೆಂಬರ್‌ನಲ್ಲಿ “ಸರ್, 25ಕ್ಕೆ ಏನೇನು ಹಾಕಲಿ?” ಅಂತ ಕೇಳಿದಳು. ಕ್ರಿಸ್‌ಮಸ್ ಹಾಕು, ವಾಜಪೇಯಿ ಹುಟ್ಟಿದ್ದು ಹಾಕು, ಚಾಪ್ಲಿನ್ ಕೂಡ ಇರಲಿ, ಜೊತೆಗೆ ಈ ಎರಡನ್ನು ಸೇರಿಸು ಅಂದೆ. ಸುಶಾಸನ ದಿನ ಹಾಕೋದಾದರೆ ಮುಂದೆ ‘2014ರಿಂದ’ ಅಂತ ಬರಿ ಅಂದೆ. ಅವಳು ಬರೆದುಕೊಂಡು ಹೋದವಳು ಸ್ವಲ್ಪ ಹೊತ್ತಿಗೆ ವಾಪಸ್ ಬಂದಳು.

“ಸರ್, ನ್ಯೂಟನ್?”

“ಜನವರಿ 4ಕ್ಕೆ ಹಾಕಮ್ಮ.”